ರುಜು ಕೇಳಿದ ವಕೀಲರು

ಮನೆ ಕೊಳ್ಳಲು ಸಾಲ ಕೇಳಿದಾಗ ಬ್ಯಾಂಕು ತನ್ನ ಪಟ್ಟಿಯಲ್ಲಿದ್ದ ವಕೀಲರ ಬಳಿ ಕಳಿಸಿತು. ಅವರ ಮೊದಲ ಪ್ರಶ್ನೆ: "ಮಾರುವವರಿಗೆ ಅಕ್ಕತಂಗಿಯರಿದ್ದಾರೆಯೇ?"

ಆ ಪ್ರಶ್ನೆಯ ಹಿಂದೊಂದು ಚರಿತ್ರೆಯಿದೆ. 1908ರ ನೋಂದಣಿ ಕಾಯಿದೆಯಂತೆ ಕ್ರಯಪತ್ರ ದಾಖಲಾಗುತ್ತದೆ. ಮಾರುವವರ ಹಕ್ಕಿಗೆ ಸರ್ಕಾರ ಹೊಣೆಯಲ್ಲ. ಹಳೆಯ ಪತ್ರಗಳನ್ನು ಶೋಧಿಸಲು ವಕೀಲರೇ ಬೇಕು. 1977ರಲ್ಲಿ ಎಚ್.ಡಿ.ಎಫ್.ಸಿ. ಹುಟ್ಟಿದ ಮೇಲೆ ಗೃಹಸಾಲ ಮಧ್ಯಮ ವರ್ಗಕ್ಕೂ ಎಟುಕಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 1994ರಲ್ಲಿ ಕರ್ನಾಟಕವು ಇನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರಲ್ಲಿ ಕೇಂದ್ರವು ಮದುವೆಯಾದವರಿಗೂ ಸಮಪಾಲು ಕೊಟ್ಟವು. ಅಕ್ಕತಂಗಿಯರ ರುಜುವಿಗೆ ಬೆಲೆ ಬಂತು.

ಆದರೂ ಆ ವಕೀಲರು ಕಾಯುವುದು ಬ್ಯಾಂಕಿನ ಹಣವನ್ನು. ನಮ್ಮ ಹಣಕ್ಕಾಗಿ ಬೇರೊಬ್ಬ ವಕೀಲರಿಗೂ ಪತ್ರಗಳನ್ನು ತೋರಿಸಿದೆವು.

ನನ್ನ ತವರುಮನೆ ಮಾರಿದಾಗ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.