ಕೆರೆಗೊಡಗೆಯಿಂದ ಅನುದಾನದವರೆಗೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ದಾನದ ಏರ್ಪಾಟುಗಳು

ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ವರ್ಷದ ಸರಾಸರಿ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲೇ ನಿಂತುಬಿಡುವುದರಿಂದ, ಊರೊಟ್ಟಿನ ಕೆಲಸಕ್ಕೆ ಹಣ ಹೊಂದಿಸುವುದು ಇಲ್ಲಿ ಯಾವ ಕಾಲದಲ್ಲೂ ಸುಲಭವಾಗಿರಲಿಲ್ಲ. ಹೀಗಾಗಿ ಈ ಸೀಮೆಯ ದಾನದ ಇತಿಹಾಸವನ್ನು ದಾನಿಗಳ ಔದಾರ್ಯದ ಕಥೆಯಾಗಿ ಓದುವುದಕ್ಕಿಂತ, ಒಮ್ಮೆ ಕೊಟ್ಟದ್ದು ಮಳೆ ಕೈಕೊಟ್ಟ ವರ್ಷದಲ್ಲೂ ನಡೆದುಕೊಂಡು ಹೋಗುವಂತೆ ಮಾಡಿದ ಏರ್ಪಾಟುಗಳ ಕಥೆಯಾಗಿ ಓದುವುದೇ ಹೆಚ್ಚು ಫಲಕಾರಿ.

ಕರ್ನಾಟಕದ ಶಾಸನಗಳಲ್ಲಿ ಇಂಥ ಏರ್ಪಾಟುಗಳಿಗೆ ಖಚಿತವಾದ ಹೆಸರುಗಳಿವೆ. ಕೆರೆಯನ್ನು ಕಟ್ಟಿಸುವುದಕ್ಕೆ ಅಥವಾ ಅದರ ದುರಸ್ತಿಗೆ ಬಿಟ್ಟುಕೊಟ್ಟ ಭೂಮಿ ಇಲ್ಲವೇ ಬೆಳೆಯ ಪಾಲು ‘ಬಿತ್ತುವಟ್ಟ’. ಕೆರೆ ಕಟ್ಟಿಸಿದವನಿಗೆ ಸಲ್ಲುವ ಹತ್ತನೆಯ ಒಂದು ಪಾಲು ‘ದಶವಂದ’. ಕೆರೆಯ ಹೊಣೆ ಹೊತ್ತವನಿಗೆ ಕಂದಾಯವಿಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಬಿಟ್ಟ ನೆಲ ‘ಕೆರೆಗೊಡಗೆ’ ಅಥವಾ ‘ಕಟ್ಟುಗೊಡಗೆ’. ಈ ಯಾವುದರಲ್ಲೂ ದಾನಿ ಹಣದ ಗಂಟನ್ನು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಆದಾಯ ಹುಟ್ಟುವ ಮೂಲವನ್ನೇ ಕೆಲಸಕ್ಕೂ ಅದನ್ನು ನೋಡಿಕೊಳ್ಳುವ ಮನೆತನಕ್ಕೂ ಸೇರಿಸಿ ಬಿಡುತ್ತಾನೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಪರಂಪರೆಯಲ್ಲಿ ಇದೇ ವಿಚಾರ ಮತ್ತೊಂದು ರೂಪ ತಾಳಿತು. ಪಾಳೆಯಗಾರರ ಕಾಲದವನೆಂದು ಭಕ್ತರು ನಂಬುವ ಈ ಶರಣ ಸುತ್ತಲಿನ ನೆಲದಲ್ಲಿ ಐದು ಕೆರೆಗಳನ್ನು ಕಟ್ಟಿಸಿದನೆಂದೂ, ಸಂಜೆ ಕೆಲಸ ಬಿಟ್ಟಾಗ ಕೂಲಿಯಾಳುಗಳ ಮುಂದೆ ಮರಳಿನ ಗುಡ್ಡೆಗಳನ್ನು ಮಾಡಿಸಿದರೆ ಅವರವರ ಗುಡ್ಡೆಯಲ್ಲಿ ಅವರವರು ದುಡಿದಷ್ಟೇ ಕಾಸು ಸಿಗುತ್ತಿತ್ತೆಂದೂ ಜನ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಆತನ ಹೆಸರಿನ ಮಾತು ಇಂದಿಗೂ ಈ ಭಾಗದ ಬಾಯಲ್ಲಿದೆ. ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೂ ಇಲ್ಲಿರುವ ಲೆಕ್ಕಾಚಾರ ಗಮನಿಸತಕ್ಕದ್ದು: ಬರದ ನಾಡಿನಲ್ಲಿ ಹಸಿದವನಿಗೆ ಅನ್ನ ಹಾಕುವ ಬದಲು ಕೂಲಿ ಕೊಟ್ಟು, ಆ ಕೂಲಿಯ ಫಲವಾಗಿ ಮುಂದಿನ ಬರಕ್ಕೆ ನೀರು ನಿಲ್ಲಿಸುವ ಕ್ರಮವಿದು, ಇಪ್ಪತ್ತನೆಯ ಶತಮಾನದ ಬರಪರಿಹಾರ ಕಾಮಗಾರಿಗಳಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಫಾಲ್ಗುಣದ ಜಾತ್ರೆಯಲ್ಲಿ ತೇರು ಎಳೆಯುವ ಮುನ್ನ ನಡೆಯುವ ಮುಕ್ತಿಬಾವುಟದ ಹರಾಜು ಲಕ್ಷಾಂತರ ರೂಪಾಯಿಗೆ ಏರುವುದುಂಟು, ಅದನ್ನು ಹಿಡಿಯಲು ರಾಜಕಾರಣಿಗಳೂ ಪೈಪೋಟಿಗಿಳಿಯುತ್ತಾರೆ. ಆದರೆ ದೇವಸ್ಥಾನ ಮುಜರಾಯಿ ಇಲಾಖೆಯ ಆಡಳಿತದಲ್ಲಿರುವುದರಿಂದ ಅಲ್ಲಿ ಕೂಡುವ ಹಣಕ್ಕೂ ಕೆರೆಯ ಏರಿಗೂ ಹಿಂದಿನಂಥ ನೇರ ನಂಟು ಉಳಿದಿಲ್ಲ.

ಎರಡನೆಯ ಮಾದರಿ ಮ್ಯಾಸನಾಯಕರ ದೇವರ ಎತ್ತುಗಳದ್ದು. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದ ಪಶುಪಾಲಕ ವೀರರನ್ನು ದೇವರಾಗಿ ಪೂಜಿಸುವ ಈ ಬುಡಕಟ್ಟು, ಆ ದೇವರುಗಳ ಹೆಸರಿನಲ್ಲಿ ದನಗಳ ಹಿಂಡುಗಳನ್ನು ಸಾಕಿಕೊಂಡು ಬಂದಿದೆ. ಈ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸಂತೆಯಲ್ಲಿ ಮಾರುವುದಿಲ್ಲ, ಸತ್ತರೆ ವಿಧಿಪೂರ್ವಕವಾಗಿ ಮಣ್ಣು ಮಾಡುತ್ತಾರೆ. ಹಿಂಡನ್ನು ಮೇಯಿಸುವ ಹೊಣೆ ‘ಕಿಲಾರಿ’ಯದು, ಆತ ಒಬ್ಬ ದನಗಾಹಿಯಷ್ಟೇ ಅಲ್ಲ, ದೇವರ ಸೇವೆಗೆ ನಿಂತವನು. ಮೇಲ್ವಿಚಾರಣೆ ನನ್ನಿವಾಳದಂಥ ‘ಕಟ್ಟೆಮನೆ’ಗಳದು, ಅಂದರೆ ಹಲವು ಹಟ್ಟಿಗಳನ್ನು ಒಳಗೊಂಡ ಬುಡಕಟ್ಟಿನ ಆಡಳಿತ ಕೇಂದ್ರಗಳದು. ಹರಕೆ ಹೊತ್ತವರು ಕರು ಬಿಡುತ್ತಾರೆ, ಸುಗ್ಗಿಯಲ್ಲಿ ಕುಲದವರು ದವಸ ಅಳೆಯುತ್ತಾರೆ. ದಾನಿ, ಸಂಸ್ಥೆ, ಫಲಾನುಭವಿ ಎಂದು ಇಂದು ಬೇರೆ ಬೇರೆಯಾಗಿ ಗುರುತಿಸುವ ಮೂರು ಪಾತ್ರಗಳು ಇಲ್ಲಿ ಒಂದೇ ಹಟ್ಟಿಯೊಳಗಿದ್ದವು. ಲೆಕ್ಕ ತಪ್ಪಿದವನು ಕಟ್ಟೆಮನೆಯ ಮುಂದೆಯೇ ಉತ್ತರ ಹೇಳಬೇಕಾಗಿತ್ತು.

ಈ ಏರ್ಪಾಟಿನ ನಿಜವಾದ ಮೂಲಧನ ದವಸವಾಗಲೀ ಹರಕೆಯಾಗಲೀ ಅಲ್ಲ, ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯಿಂದ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಸರ್ಕಾರಿ ದನಗಳಿಗೆ ಮೀಸಲಾದ ಕಾವಲುಗಳು, ಅಂದರೆ ಕಾದಿಟ್ಟ ಮೇವಿನ ಬಯಲುಗಳು, ಚಳ್ಳಕೆರೆಯ ಸುತ್ತ ವಿಸ್ತಾರವಾಗಿದ್ದವು. ದಾಖಲೆಯಲ್ಲಿ ಅವು ಸರ್ಕಾರದವಾದರೂ ಬಳಕೆಯಲ್ಲಿ ಸುತ್ತಲಿನ ಹಟ್ಟಿಗಳ ದನ ಕುರಿಗಳಿಗೂ ಆಧಾರವಾಗಿದ್ದವು. 2008ರ ನಂತರದ ಕೆಲವೇ ವರ್ಷಗಳಲ್ಲಿ ಈ ನೆಲದ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಜನ ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಸುತ್ತುಗೋಡೆ ಎದ್ದ ಮೇಲೆ ದೇವರ ಎತ್ತುಗಳ ಪೋಷಣೆ ಕುಲದ ಕೈಮೀರತೊಡಗಿ, ಬರ ಬಿದ್ದಾಗ ಸರ್ಕಾರದ ಗೋಶಾಲೆಯನ್ನೂ ಹೊರಗಿನ ದಾನಿಗಳ ಮೇವಿನ ಲಾರಿಯನ್ನೂ ಎದುರುನೋಡುವ ಸ್ಥಿತಿ ಬಂದಿತು.

ಖಾಸಗಿ ಪ್ರತಿಷ್ಠಾನಗಳ ಕ್ರಮವನ್ನು ಅಳೆಯಲು ಈ ಹಿನ್ನೆಲೆಯೇ ತಕ್ಕ ಅಳತೆಗೋಲು. ಪ್ರತಿಷ್ಠಾನವೆಂದರೆ ಒಬ್ಬ ವ್ಯಕ್ತಿ ಅಥವಾ ಕುಟುಂಬ ಮೀಸಲಿಟ್ಟ ನಿಧಿಯಿಂದ ನಡೆಯುವ ಸಂಸ್ಥೆ. ಒಂದು ಪ್ರದೇಶಕ್ಕೆ ಒತ್ತು ಕೊಟ್ಟು ಅಲ್ಲಿನ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ಪದ್ಧತಿಗೆ ಕರ್ನಾಟಕದಲ್ಲಿ ಗುರುರಾಜ ಮತ್ತು ಜಯಶ್ರೀ ದೇಶಪಾಂಡೆ ದಂಪತಿಯ ದೇಶಪಾಂಡೆ ಪ್ರತಿಷ್ಠಾನ ಎದ್ದುಕಾಣುವ ಉದಾಹರಣೆ. 1996ರಲ್ಲಿ ಹುಟ್ಟಿದ ಅದು ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ಧಾರವಾಡ ಸುತ್ತಲಿನ ಜಿಲ್ಲೆಗಳಲ್ಲಿ ಬೆಳೆಯಿತು. ಇದರ ಜೊತೆಗೆ 2013ರ ಕಂಪನಿ ಕಾಯ್ದೆ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದ್ದರಿಂದ ಹೊಸ ಹಣ ಹರಿಯಿತು. ಸಾಮಾನ್ಯ ಕ್ರಮ ಹೀಗಿರುತ್ತದೆ: ಸಂಸ್ಥೆ ಯೋಜನಾ ಪ್ರಸ್ತಾವ ಸಲ್ಲಿಸುತ್ತದೆ, ನೋಂದಣಿ ಮತ್ತು ಲೆಕ್ಕಪತ್ರಗಳ ತಪಾಸಣೆಯಾಗುತ್ತದೆ, ಹಣ ಕಂತುಗಳಲ್ಲಿ ಬರುತ್ತದೆ, ಹಿಂದಿನ ಕಂತಿನ ವಿನಿಯೋಗದ ವರದಿ ಒಪ್ಪಿಗೆಯಾದ ಮೇಲೆ ಮುಂದಿನದು ಬಿಡುಗಡೆಯಾಗುತ್ತದೆ. ಮಾಡಿದಷ್ಟಕ್ಕೆ ನೀಡುವ ನಾಯಕನಹಟ್ಟಿಯ ನಿಯಮಕ್ಕೆ ಇದು ಮೇಲ್ನೋಟಕ್ಕೆ ಹತ್ತಿರವೇ.

ದೂರವಾದದ್ದು ಕೆರೆಗೊಡಗೆಯಿಂದ. ಅನುದಾನ ಕೆರೆಯ ಹೂಳೆತ್ತಿಸಬಲ್ಲದು, ಆದರೆ ಹೂಳೆತ್ತಿದ ಕೆರೆಯ ತೂಬು ನೋಡಿಕೊಳ್ಳುವವನಿಗೆ ವರ್ಷಾಂತರದ ಜೀವನಾಧಾರ ಕಟ್ಟಿಕೊಡುವುದು ಅಪರೂಪ. ಯೋಜನೆ ಮುಗಿದೊಡನೆ ಸಂಬಳದ ಬಾಬ್ತೂ ಮುಗಿಯುತ್ತದೆ. ಕಾಲದ ಲೆಕ್ಕವೂ ಹೊಂದುವುದಿಲ್ಲ. ಅನುದಾನದ ಲೆಕ್ಕ ಮಾರ್ಚ್ 31ಕ್ಕೆ ಮುಕ್ತಾಯವಾಗುತ್ತದೆ. ಹೊಸ ವರ್ಷದ ಮಂಜೂರಾತಿಗಳು ಕಡತದಲ್ಲಿರುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಚಳ್ಳಕೆರೆಯ ಬಯಲಿನಲ್ಲಿ ಹುಲ್ಲು ಮುಗಿದು ಕಿಲಾರಿಗಳು ಹಿಂಡುಗಳಿಗೆ ಮೇವು ಹುಡುಕಿಕೊಂಡು ಹೊರಡಬೇಕಾಗುತ್ತದೆ.