ಕಟ್ಟಿಗೆ ಪುಡಿಯ ಒಡ್ಡು

ನಮ್ಮ ಕೊಕಟನೂರ ಸುತ್ತ ಇರೋದು ಕಬ್ಬು, ಸಕ್ಕರೆ ಕಾರ್ಖಾನೆ. ಆದ್ರೂ ಗಣಿ ನೀರಿನ ಈ ಕತೆ ನಮಗೂ ಸಂಬಂಧಪಟ್ಟದ್ದು ಅಂತ ನನಗನಿಸುತ್ತೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಗಂಧಕ ಸೇರಿದ ಅದಿರು ನೆಲದೊಳಗೆ ಇರೋ ತನಕ ಸುಮ್ಮನಿರುತ್ತೆ. ಅಗೆದು ಹೊರಗೆ ಹಾಕಿದ್ರೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತೆ. ಆ ಆಮ್ಲ ಕಬ್ಬಿಣ, ತಾಮ್ರ, ಸತುವನ್ನೆಲ್ಲ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತೆ. ಅದಿರು ತೊಳೆದ ನೀರಿನಿಂದ ಮೀನು ಸಾಯುತ್ತವೆ ಅನ್ನೋ ದೂರನ್ನ 1556ರಲ್ಲೇ ಅಗ್ರಿಕೋಲ ತನ್ನ ಗಣಿಗಾರಿಕೆ ಪುಸ್ತಕದಲ್ಲಿ ದಾಖಲಿಸಿದ್ದ. ಈ ಆಮ್ಲದ ಹಿಂದೆ ಬ್ಯಾಕ್ಟೀರಿಯಾಗಳ ಕೈವಾಡ ಇದೆ ಅಂತ ಕೋಲ್ಮರ್ ಮತ್ತು ಹಿಂಕಲ್ ತೋರಿಸಿದ್ದು 1947ರಲ್ಲಿ. ಗಣಿ ಮುಚ್ಚಿದ್ರೂ ಅವುಕ್ಕೆ ರಜೆ ಇಲ್ಲ :)

ಮಾಮೂಲಿ ಮದ್ದು ಸುಣ್ಣ. ಆದ್ರೆ ವರ್ಷಗಟ್ಟಲೆ ಸುರೀತಾನೇ ಇರಬೇಕು.

ಇನ್ನೊಂದು ದಾರಿ ಸಿಕ್ಕಿದ್ದು ಅಮೆರಿಕದ ಒಹಾಯೋದಲ್ಲಿ. ಅಲ್ಲಿ ಒಂದು ಕಲ್ಲಿದ್ದಲು ಗಣಿಯ ಹುಳಿ ನೀರಿಗೆ ಸಾಮಿಲ್‌ನ ಕಟ್ಟಿಗೆ ಪುಡಿಯ ರಾಶಿ ಅಡ್ಡ ಬಿದ್ದು ಒಡ್ಡಿನಂತಾಗಿತ್ತು. ನೀರು ಅದರೊಳಗಿಂದ ಜಿನುಗಿ ಕೆಳಗಿನ ಹೊಂಡ ಸೇರ್ತಿತ್ತು. ಟಟ್ಲ್, ಡ್ಯೂಗನ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿದ್ರೆ ಮೇಲಿನ ಹೊಂಡಕ್ಕಿಂತ ಕೆಳಗಿನದ್ದರಲ್ಲಿ ಹುಳಿ ಕಡಿಮೆ, ತಳದಲ್ಲಿ ಕಪ್ಪು ಕೆಸರು! ಪುಡಿ ಕೊಳೆತು ಬಂದ ಆಹಾರ ತಿಂದು ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಸಲ್ಫೇಟನ್ನ ಸಲ್ಫೈಡ್ ಮಾಡ್ತಿತ್ತು, ಅದು ಕಬ್ಬಿಣವನ್ನ ಹಿಡಿದು ತಳಕ್ಕೆ ಕೂರಿಸ್ತಿತ್ತು. ಯಾವ ಇಂಜಿನಿಯರೂ ಡಿಸೈನ್ ಮಾಡದ ಸಿಸ್ಟಂ ಇದು. 1969ರಲ್ಲಿ ಅವರ ಪ್ರಬಂಧಗಳು ಬಂದವು. ಆಮೇಲೆ ಜನ ಹುಲ್ಲು, ಸಗಣಿ ಗೊಬ್ಬರ, ಕಬ್ಬಿನ ಸಿಪ್ಪೆ ಎಲ್ಲ ಹಾಕಿ ನೋಡಿದ್ರು. ಆಮ್ಲ ಮುರಿಯೋಕೆ ಸುಣ್ಣದ ಬದಲು ಉಕ್ಕಿನ ಕಾರ್ಖಾನೆಯ ಕಿಟ್ಟ, ಕೆಲವು ಬಗೆಯ ಹಾರುಬೂದಿಯೂ ಬಂತು.

ನಮ್ಮಲ್ಲೂ ಚಿತ್ರದುರ್ಗದ ಹತ್ತಿರ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ನಡೆದಿತ್ತು. ಅಲ್ಲಿಯದು ಗಂಧಕದ ಅದಿರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ದಶಕಗಳ ಕಾಲ ಗಣಿ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದವರು. ಅಂದ್ರೆ ತಿಳಿವಳಿಕೆಗೆ ಬರ ಇಲ್ಲ.

ಇನ್ನು ಕಬ್ಬಿನ ಸಿಪ್ಪೆ. ನಮ್ಮೂರ ಕಡೆಯಿಂದ ಲಾರಿ ತುಂಬಿ ಕಳಿಸಿದ್ರಾಯ್ತು ಅಂತ ಮೊದಲು ಅನಿಸುತ್ತೆ. ಆದ್ರೆ ಕಾರ್ಖಾನೆಗಳು ಅದನ್ನೇ ಉರಿಸಿ ಕರೆಂಟ್ ಮಾಡಿ ಮಾರ್ತಾವೆ, ಪುಕ್ಕಟೆ ಯಾರು ಕೊಡ್ತಾರೆ? ಹೊಲದಲ್ಲಿ ಸುಡೋ ರವದಿ ಆದೀತು ಅಂತ ನನ್ನ ಲೆಕ್ಕ. ಒಂದು ತೊಡಕು ಮಾತ್ರ ಉಳಿಯುತ್ತೆ: ತಳದ ಕಪ್ಪು ಕೆಸರು ನೀರಿನಡಿಯೇ ಇರಬೇಕು. ಹೊಂಡ ಒಣಗಿ ಗಾಳಿ ತಾಗಿದ್ರೆ ಸಲ್ಫೈಡ್ ಮತ್ತೆ ಆಮ್ಲವಾಗುತ್ತೆ.