ಪಿಯಾನೊ ಮುಂದೆ ಕುಳಿತವಳು

ಜಾಝ್ ಸಂಗೀತದ ಚರಿತ್ರೆ ಬರೆದವರೆಲ್ಲ ತಪ್ಪದೆ ನೆನೆಯುವ ದಿನ 1925ರ ನವೆಂಬರ್ 12. ಅಂದು ಅಮೆರಿಕದ ಶಿಕಾಗೊ ನಗರದಲ್ಲಿ ಐದು ಜನ ಕಪ್ಪು ಸಂಗೀತಗಾರರು 'ಓಕೆ' ಎಂಬ ರೆಕಾರ್ಡ್ ಕಂಪನಿಗಾಗಿ ಮೂರು ರಚನೆಗಳನ್ನು ನುಡಿಸಿದರು. ತಂಡದ ಹೆಸರು 'ಹಾಟ್ ಫೈವ್'. ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್. ಟ್ರೊಂಬೋನ್ ಕಿಡ್ ಓರಿಯದು, ಕ್ಲಾರಿನೆಟ್ ಜಾನಿ ಡಾಡ್ಸ್‌ನದು, ಬ್ಯಾಂಜೊ ಜಾನಿ ಸೇಂಟ್ ಸಿರ್‌ನದು. ಅಲ್ಲಿಯತನಕ ಜಾಝ್ ಎಂದರೆ ಎಲ್ಲರೂ ಒಟ್ಟಿಗೆ ಹೆಣೆಯುವ ಸಂಗೀತವಾಗಿತ್ತು. ಇವರ ರೆಕಾರ್ಡುಗಳು ಬಂದ ಮೂರು ವರ್ಷಗಳಲ್ಲಿ ಒಬ್ಬನೇ ವಾದಕ ಮುಂದೆ ನಿಂತು ತನ್ನ ಕಲ್ಪನೆಯನ್ನು ಹರಿಯಬಿಡುವ ಸಂಗೀತವಾಯಿತು. ನಮ್ಮ ಕಛೇರಿಯ ಮಾತಿನಲ್ಲಿ ಹೇಳುವುದಾದರೆ ಮನೋಧರ್ಮಕ್ಕೆ ಮೊದಲ ಸ್ಥಾನ ಸಿಕ್ಕಿತು.

ಐದನೆಯವಳ ಹೆಸರು ಹೇಳಲಿಲ್ಲ, ಅಲ್ಲವೆ? ಪುಸ್ತಕಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ಕೊನೆಗೆ ಬರುತ್ತದೆ: ಪಿಯಾನೊ, ಲಿಲ್ ಹಾರ್ಡಿನ್, ಆರ್ಮ್‌ಸ್ಟ್ರಾಂಗನ ಹೆಂಡತಿ. ಆ ದಿನ ಮೊದಲು ಧ್ವನಿಮುದ್ರಣವಾದ 'ಮೈ ಹಾರ್ಟ್' ಆಕೆಯದೇ ರಚನೆ ಎನ್ನುವುದನ್ನು ಎಷ್ಟೋ ಜನ ಹೇಳುವುದೇ ಇಲ್ಲ.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಜಾಝ್‌ನ ಪರಿಚಯ ತಡವಾಗಿ ಆಯಿತು. ನನ್ನ ತಂಗಿಯ ಮಗ ಫೋನಿಗೆ ಹಾಕಿಕೊಟ್ಟ ಹಳೆಯ ರೆಕಾರ್ಡುಗಳನ್ನು ಅಡುಗೆಮನೆಯಲ್ಲಿ ಕೇಳುತ್ತ ಕೇಳುತ್ತ ರುಚಿ ಹತ್ತಿತು. ಮೊದಲ ಸಲ ಕೇಳಿದಾಗ ಕಿವಿಗೆ ಬಿದ್ದದ್ದು ಲೂಯಿಯ ಕಾರ್ನೆಟ್ ಮಾತ್ರ. ಬಿಸಿಲು ಸೀಳಿಕೊಂಡು ಬಂದ ಹಾಗೆ ಅದರ ನಾದ. ನಾಲ್ಕೈದು ಸಲ ಕೇಳಿದ ಮೇಲೆ ಅದರ ಕೆಳಗೆ ಎಲ್ಲೋ ದೂರದಲ್ಲಿ ಒಂದು ಪಿಯಾನೊ ಬಿಡದೆ ಲಯ ಹಿಡಿದು ನಡೆಯುತ್ತಿರುವುದು ಗೊತ್ತಾಯಿತು. ಒಮ್ಮೆ ಗೊತ್ತಾದ ಮೇಲೆ ನನ್ನ ಗಮನ ಅದನ್ನು ಬಿಟ್ಟು ಕದಲಲಿಲ್ಲ. ಯಾರೀಕೆ ಎಂದು ಹುಡುಕಿಕೊಂಡು ಹೊರಟೆ.

ಲಿಲ್ ಹುಟ್ಟಿದ್ದು 1898ರಲ್ಲಿ, ದಕ್ಷಿಣದ ಮೆಂಫಿಸ್ ಪಟ್ಟಣದಲ್ಲಿ. ಅಜ್ಜಿ ಗುಲಾಮಗಿರಿಯಲ್ಲಿ ಹುಟ್ಟಿದವಳು. ತಾಯಿ ಡೆಂಪ್ಸಿ ಮಗಳಿಗೆ ಪಿಯಾನೊ ಪಾಠ ಹೇಳಿಸಿದಳು, ಕಪ್ಪು ಮಕ್ಕಳಿಗಾಗಿಯೇ ಕಟ್ಟಿದ್ದ ಫಿಸ್ಕ್ ವಿಶ್ವವಿದ್ಯಾನಿಲಯಕ್ಕೆ ಓದಲು ಕಳಿಸಿದಳು. ಮಗಳು ಚರ್ಚಿನಲ್ಲಿ ನುಡಿಸಬೇಕು, ಮರ್ಯಾದಸ್ಥ ಸಂಗೀತ ನುಡಿಸಬೇಕು ಎಂಬುದು ತಾಯಿಯ ಆಸೆ. ಅದೇ ಊರಿನ ಬೀದಿಗಳಲ್ಲಿ ಹಬ್ಬಿದ್ದ ಬ್ಲೂಸ್ ಹಾಡು ಆಕೆಯ ಮಟ್ಟಿಗೆ ಮೈಲಿಗೆ. ದೇವರನಾಮ ಕಲಿಯಲು ಕಳಿಸಿದ ಮಗಳು ಕಂಪನಿ ನಾಟಕದ ಹಾಡು ಗುನುಗಿದರೆ ನಮ್ಮ ಅಜ್ಜಿಯಂದಿರು ಕಣ್ಣು ಕೆಂಪಗೆ ಮಾಡುತ್ತಿದ್ದರಲ್ಲ, ಹಾಗೆಯೇ.

ಮೊದಲ ಮಹಾಯುದ್ಧದ ಕಾಲದಲ್ಲಿ ದಕ್ಷಿಣದ ಲಕ್ಷಾಂತರ ಕಪ್ಪು ಜನ ಕೂಲಿ ಮತ್ತು ಜೀವದ ಭದ್ರತೆ ಅರಸಿ ಉತ್ತರದ ನಗರಗಳಿಗೆ ಗುಳೆ ಹೋದರು. ತಾಯಿ ಮಗಳು 1918ರಲ್ಲಿ ಶಿಕಾಗೊ ಸೇರಿದ್ದು ಆ ಪ್ರವಾಹದಲ್ಲೇ. ಅಲ್ಲಿ ಲಿಲ್‌ಗೆ ಒಂದು ಸಂಗೀತದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಚ್ಚಾದ ನೊಟೇಶನ್ ಹಾಳೆಗಳನ್ನು ಗಿರಾಕಿಗಳಿಗೆ ನುಡಿಸಿ ತೋರಿಸುವುದು, ವಾರಕ್ಕೆ ಮೂರು ಡಾಲರ್. ಕೆಲವೇ ದಿನಗಳಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಬಂದ ಒಂದು ಬ್ಯಾಂಡಿಗೆ ಪಿಯಾನೊ ನುಡಿಸುವವರು ಬೇಕಾಗಿ ಇವಳನ್ನು ಕರೆದರು. ಹುಡುಗಿ ಶಾಸ್ತ್ರೋಕ್ತವಾಗಿ ನೊಟೇಶನ್ ಕೇಳಿದಳು. ಅಂಥದ್ದೇನೂ ಇಲ್ಲ ಎಂದರು. ಯಾವ ಶ್ರುತಿ ಎಂದು ಕೇಳಿದಳು. ಎರಡು ಸಲ ತಟ್ಟುವುದು ಕೇಳಿಸಿದ ಕೂಡಲೇ ಶುರು ಮಾಡು ಎಂದರು! ಕಿವಿಯಲ್ಲೇ ಹಿಡಿದು ನುಡಿಸಿದಳು, ಕೆಲಸ ಗಿಟ್ಟಿಸಿದಳು. ಸಂಬಳ ಅಂಗಡಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಮ್ಮನಿಗೆ ಹೇಳುವ ಧೈರ್ಯವಂತೂ ಇರಲಿಲ್ಲ.

ಮುಂದೆ ಆಕೆ ಸೇರಿದ್ದು ಜೋ 'ಕಿಂಗ್' ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡನ್ನು. 1922ರಲ್ಲಿ ಆಲಿವರ್ ನ್ಯೂ ಆರ್ಲಿಯನ್ಸ್‌ನಿಂದ ಎರಡನೇ ಕಾರ್ನೆಟ್ ನುಡಿಸಲು ಒಬ್ಬ ಹುಡುಗನನ್ನು ಕರೆಸಿಕೊಂಡ. ಅವನೇ ಲೂಯಿ. ದಪ್ಪ ಮೈ, ಸರಿಹೊಂದದ ಬಟ್ಟೆ, ಹಣೆಯ ಮೇಲೆ ಇಳಿಬಿಟ್ಟ ಕೂದಲು. ಲಿಲ್‌ಗೆ ಅವನನ್ನು ನೋಡಿ ಒಂದಿಷ್ಟೂ ಹಿಡಿಸಲಿಲ್ಲವಂತೆ.

1923ರ ಏಪ್ರಿಲ್‌ನಲ್ಲಿ ಈ ಬ್ಯಾಂಡು ಇಂಡಿಯಾನಾ ರಾಜ್ಯದ ರಿಚ್ಮಂಡ್ ಪಟ್ಟಣಕ್ಕೆ ಹೋಗಿ ಜೆನೆಟ್ ಕಂಪನಿಗೆ ರೆಕಾರ್ಡು ಕೊಟ್ಟಿತು. ಅದೊಂದು ಪಿಯಾನೊ ಕಾರ್ಖಾನೆಯ ಆವರಣ, ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ನುಡಿಸುವುದನ್ನು ನಿಲ್ಲಿಸಿ ಕಾಯಬೇಕು. ಆ ದಿನಗಳಲ್ಲಿ ಆ ರಾಜ್ಯದಲ್ಲಿ ಕೂ ಕ್ಲುಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷದ ಸಂಘಟನೆ ಬಲವಾಗಿ ಬೇರು ಬಿಟ್ಟಿತ್ತು. ಅವರ ಹಾಡುಗಳ ರೆಕಾರ್ಡುಗಳನ್ನೂ ಇದೇ ಕಂಪನಿ ಹಣ ಪಡೆದು ಒತ್ತಿಕೊಡುತ್ತಿತ್ತು. ವ್ಯಾಪಾರಕ್ಕೆ ಬಣ್ಣದ ಭೇದವಿಲ್ಲವೆನ್ನಬೇಕೋ, ನಾಚಿಕೆಯಿಲ್ಲವೆನ್ನಬೇಕೋ.

ಮೈಕ್ ಇಲ್ಲದ ಕಾಲ ಅದು. ಗೋಡೆಯಿಂದ ಹೊರಚಾಚಿದ ದೊಡ್ಡ ಕೊಳವೆಯ ಬಾಯಿಗೆ ಎಲ್ಲರೂ ನುಡಿಸಬೇಕು. ಆ ನಾದದ ಒತ್ತಡಕ್ಕೆ ಸೂಜಿ ಅಲುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದೂ ಇಂಥದೇ ಕೊಳವೆಯ ಮುಂದೆ. ಕೊನೆಯ ದಿನಗಳಲ್ಲಿ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆಕೆ, ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ರಿಚ್ಮಂಡ್‌ನಲ್ಲಿ ಲೂಯಿಯ ಊದು ಎಷ್ಟು ಜೋರಾಗಿತ್ತೆಂದರೆ ಆಲಿವರ್‌ನ ನಾದ ಮುಚ್ಚಿಹೋಗುತ್ತಿತ್ತು. ಹಾಗಾಗಿ ಅವನನ್ನು ಹನ್ನೆರಡು ಹದಿನೈದು ಅಡಿ ದೂರದ ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿ ಅವನು ಸಪ್ಪೆ ಮೋರೆ ಹಾಕಿಕೊಂಡು ನಿಂತಿದ್ದುದನ್ನು ಲಿಲ್ ಎಷ್ಟೋ ವರ್ಷಗಳ ನಂತರವೂ ನೆನಪು ಮಾಡಿಕೊಳ್ಳುತ್ತಿದ್ದಳು. ಉಳಿದವರಿಗೆ ಅದು ಬರಿಯ ಯಂತ್ರದ ತೊಂದರೆ. ಇವಳಿಗೆ ಮಾತ್ರ, ದೂರ ನಿಲ್ಲಿಸಬೇಕಾದಷ್ಟು ದೊಡ್ಡ ನಾದ ಈ ಹುಡುಗನದು ಎಂದು ಹೊಳೆಯಿತು.

ಅದೇ ಕೊಳವೆ ಇವಳಿಗೆ ಮಾಡಿದ್ದೇನು? ಆ ಯಂತ್ರಕ್ಕೆ ತುತ್ತೂರಿ ಒಗ್ಗುತ್ತಿತ್ತು. ಡ್ರಮ್ಮಿನ ಪೆಟ್ಟಿಗೆ ಸೂಜಿಯೇ ಹಾರುತ್ತಿದ್ದುದರಿಂದ ಬೇಬಿ ಡಾಡ್ಸ್ ಮರದ ತುಂಡುಗಳ ಮೇಲೆ ತಾಳ ಹಾಕಬೇಕಾಯಿತು. ಪಿಯಾನೊ ಅತ್ತ ಪೂರ್ತಿ ಕೇಳದೆ ಇತ್ತ ಪೂರ್ತಿ ಮುಳುಗದೆ ಮಧ್ಯೆ ಉಳಿಯಿತು. ಲಿಲ್‌ಳ ಕೈ ಮಾಮೂಲು, ಬರಿಯ ತಾಳ ಹಿಡಿದಳು ಎಂದು ಬರೆದ ವಿಮರ್ಶಕರು ಈ ಯಂತ್ರದ ಪಾಲನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಬಹುದಿತ್ತು.

1924ರ ಫೆಬ್ರವರಿಯಲ್ಲಿ ಇಬ್ಬರೂ ಮದುವೆಯಾದರು. ಲೂಯಿಯ ಸಂಬಳದ ಹಣವನ್ನು ಆಲಿವರ್ ತನ್ನ ಬಳಿಯೇ ಇಟ್ಟುಕೊಂಡಿದ್ದ. ಅದನ್ನು ಬಿಡಿಸಿದವಳು ಲಿಲ್. ಬಟ್ಟೆ ಬದಲಿಸಿದಳು, ಕೂದಲು ಬದಲಿಸಿದಳು, ನೊಟೇಶನ್ ಓದುವುದನ್ನು ಕೂತು ತಿದ್ದಿದಳು. ಹುಡುಗ ತನ್ನ ಹತ್ತಿರ ಇರುವತನಕ ತನ್ನನ್ನು ಮೀರಲಾರ ಎಂದು ಆಲಿವರ್ ಒಮ್ಮೆ ಆಕೆಯ ಮುಂದೆಯೇ ಆಡಿದನಂತೆ. ಆ ಮಾತು ಸಾಕಾಯಿತು. ಎರಡನೇ ಕಾರ್ನೆಟ್ ನುಡಿಸುವವನ ಹೆಂಡತಿಯಾಗಿ ಇರಲಾರೆ ಎಂದು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿ ಆ ಕೆಲಸ ಬಿಡಿಸಿದಳು. ಲೂಯಿಗೆ ಆಲಿವರ್ ಗುರುಸಮಾನ, ಬಿಡುವುದು ಸುಲಭವಿರಲಿಲ್ಲ. ಆ ವರ್ಷವೇ ಅವನು ನ್ಯೂಯಾರ್ಕಿಗೆ ಹೋಗಿ ಫ್ಲೆಚರ್ ಹೆಂಡರ್ಸನ್‌ನ ದೊಡ್ಡ ವಾದ್ಯವೃಂದ ಸೇರಿದ. 1925ರಲ್ಲಿ ಲಿಲ್ ಶಿಕಾಗೊದ ಡ್ರೀಮ್‌ಲ್ಯಾಂಡ್‌ನಲ್ಲಿ ತನ್ನದೇ ಬ್ಯಾಂಡ್ ನಡೆಸುತ್ತಿದ್ದಳು. ಯಜಮಾನನೊಡನೆ ಮಾತಾಡಿ ಗಂಡನಿಗೆ ವಾರಕ್ಕೆ 75 ಡಾಲರ್ ಗೊತ್ತು ಮಾಡಿದಳು, ಜಗತ್ತಿನಲ್ಲೇ ಶ್ರೇಷ್ಠ ವಾದಕನೆಂದು ಜಾಹೀರಾತು ಹಾಕಿಸಿದಳು, ಇಂಥ ದಿನದೊಳಗೆ ಬಾ, ಇಲ್ಲವಾದರೆ ಬರುವುದೇ ಬೇಡ ಎಂದು ತಿಳಿಸಿದಳು. ಬಂದ. ಬಂದ ದಿನಗಳಲ್ಲೇ ಹಾಟ್ ಫೈವ್‌ನ ಮೊದಲ ಧ್ವನಿಮುದ್ರಣ.

ಓಕೆ ಕಂಪನಿಗೆ ಇದೇನೂ ಕಲಾಸೇವೆಯಾಗಿರಲಿಲ್ಲ. 1920ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿಯ ಒಂದು ಬ್ಲೂಸ್ ರೆಕಾರ್ಡು ಭರ್ಜರಿಯಾಗಿ ಮಾರಾಟವಾದ ಮೇಲೆ, ಕಪ್ಪು ಜನರೂ ದುಡ್ಡು ಕೊಟ್ಟು ರೆಕಾರ್ಡು ಕೊಳ್ಳುತ್ತಾರೆಂದು ಕಂಪನಿಗಳಿಗೆ ಜ್ಞಾನೋದಯವಾಗಿತ್ತು. ಅವರಿಗೆಂದೇ ಬೇರೆ ಸಾಲಿನಲ್ಲಿ ಹೊರಟ ರೆಕಾರ್ಡುಗಳು ಇವು. ಹಾಟ್ ಫೈವ್ ಎಂಬುದು ಹೆಚ್ಚೂಕಡಿಮೆ ಧ್ವನಿಮುದ್ರಣಕ್ಕೆ ಮಾತ್ರ ಸೇರುತ್ತಿದ್ದ ತಂಡ. ಮೊದಲ ದಿನದ 'ಗಟ್ ಬಕೆಟ್ ಬ್ಲೂಸ್'ನಲ್ಲಿ ಲೂಯಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹುರಿದುಂಬಿಸುತ್ತಾನೆ. ಮಿಸ್ ಲಿಲ್ ಎಂದು ಹೆಂಡತಿಯನ್ನು ಕೂಗುತ್ತಿದ್ದಂತೆ ಪಿಯಾನೊ ಕೆಲವು ಕ್ಷಣ ಮೇಲೆದ್ದು ಬರುತ್ತದೆ. ನೀವು ಒಂದೇ ಒಂದು ರೆಕಾರ್ಡು ಕೇಳುವುದಾದರೆ ಇದನ್ನು ಕೇಳಿ ಎನ್ನುತ್ತೇನೆ. ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕಾಗಿತ್ತು, ಇವಳ ಹೆಸರನ್ನು ಗಂಡ ಹೇಳಿದ.

1927ರ ಮೇ ತಿಂಗಳಲ್ಲಿ ಟ್ಯೂಬ, ಡ್ರಮ್ ಸೇರಿ 'ಹಾಟ್ ಸೆವೆನ್' ಆದಾಗ ಎಲೆಕ್ಟ್ರಿಕ್ ಮೈಕ್ ಬಂದಿತ್ತು, ನಾದ ತುಂಬಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ 'ಸ್ಟ್ರಟಿನ್ ವಿತ್ ಸಮ್ ಬಾರ್ಬೆಕ್ಯೂ', 'ಹಾಟರ್ ದ್ಯಾನ್ ದಟ್' ಎರಡೂ ಧ್ವನಿಮುದ್ರಣವಾದವು. ಎರಡೂ ಇಂದು ಲಿಲ್ ಹೆಸರಿನಲ್ಲಿವೆ. ಮೊದಲನೆಯದು ಈಗಲೂ ಜಾಝ್ ತಂಡಗಳು ನುಡಿಸುವ ರಚನೆ. ಅದು ತನ್ನದೆಂದು ಲೂಯಿಯೂ ಹೇಳಿಕೊಂಡಿದ್ದರಿಂದ ಲಿಲ್ ತನ್ನ ಹಕ್ಕಿಗಾಗಿ ಹೋರಾಡಬೇಕಾಯಿತು. ಒಂದು ಮನೆಯಲ್ಲಿ, ಒಂದೇ ಪಿಯಾನೊ ಸುತ್ತ ಹುಟ್ಟಿದ ರಾಗ ಯಾರದು ಎಂದು ತೀರ್ಮಾನಿಸುವುದು ಹೊರಗಿನವರಿಗೆ ಕಷ್ಟವೇ. ಆದರೆ ಬರೆದಿಡಲು ಬರುತ್ತಿದ್ದವಳು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ಹಾಡುಗಳಿಗೆಲ್ಲ ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಮಕ್ಕಳನ್ನು ತಿದ್ದಿದವರು ನಮ್ಮ ಹೊಲಿಗೆ ಟೀಚರು. ಆಹ್ವಾನ ಪತ್ರಿಕೆಯಲ್ಲಿ ಶಾಮಿಯಾನದವರ ಹೆಸರೂ ಇತ್ತು, ಅವರದಿರಲಿಲ್ಲ. ಅವರು ನಕ್ಕು ಸುಮ್ಮನಾದರು. ಲಿಲ್ ಸುಮ್ಮನಾಗಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1928ರಲ್ಲಿ ಲೂಯಿಯ ರೆಕಾರ್ಡುಗಳಲ್ಲಿ ಲಿಲ್ ಜಾಗಕ್ಕೆ ಅರ್ಲ್ ಹೈನ್ಸ್ ಬಂದ. ಆ ಜೂನ್ ತಿಂಗಳ 'ವೆಸ್ಟ್ ಎಂಡ್ ಬ್ಲೂಸ್' ಕೇಳಿದರೆ ಪಿಯಾನೊ ಕೂಡ ಮುಂದೆ ನಿಂತು ಮಾತನಾಡಬಲ್ಲುದೆಂದು ತಿಳಿಯುತ್ತದೆ. ಹೈನ್ಸ್‌ನ ಬೆರಳಲ್ಲಿದ್ದ ಮಿಂಚು ಲಿಲ್‌ಗೆ ಇರಲಿಲ್ಲ. ಆ ಸಂಗೀತವನ್ನು ನಾನೂ ಮೆಚ್ಚುತ್ತೇನೆ. ಆದರೆ ಅವನು ಬರುವ ಹೊತ್ತಿಗೆ ಮನೆ ಕಟ್ಟಿ ಆಗಿತ್ತು.

ದಂಪತಿಗಳ ನಡುವೆ ಬಿರುಕು ಬಿಟ್ಟಿತ್ತು. 1931ರಲ್ಲಿ ಬೇರೆಯಾದರು, 1938ರಲ್ಲಿ ವಿಚ್ಛೇದನ. ಲಿಲ್ ಕೂತು ಅಳಲಿಲ್ಲ. ಈ ನಡುವೆಯೇ ಶಿಕಾಗೊ ಮ್ಯೂಸಿಕಲ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕಿಯ ಅರ್ಹತೆ ಪಡೆದಿದ್ದಳು. ಹೆಂಗಸರೇ ಇದ್ದ ವಾದ್ಯವೃಂದ ನಡೆಸಿದಳು. ಅದರ ಜಾಹೀರಾತುಗಳಲ್ಲಿ ಕೆಲವೊಮ್ಮೆ ಆಕೆಯ ಹೆಸರು ಇರುತ್ತಿದ್ದುದು 'ಮಿಸೆಸ್ ಲೂಯಿ ಆರ್ಮ್‌ಸ್ಟ್ರಾಂಗ್' ಎಂದು! 1936ರಿಂದ ಡೆಕ್ಕಾ ಕಂಪನಿಗೆ ತಾನೇ ಹಾಡಿ ರೆಕಾರ್ಡು ಕೊಟ್ಟಳು. ಅವುಗಳಲ್ಲಿ 'ಜಸ್ಟ್ ಫಾರ್ ಎ ಥ್ರಿಲ್' ಎಂಬ ಹಾಡನ್ನು 1959ರಲ್ಲಿ ರೇ ಚಾರ್ಲ್ಸ್ ಹಾಡಿ ಮನೆಮಾತು ಮಾಡಿದ. ಸಂಗೀತದ ಸಹವಾಸವೇ ಸಾಕೆಂದು ಟೈಲರಿಂಗ್ ಕಲಿತದ್ದೂ ಉಂಟು. ಕಲಿತು ಹೊಲಿದ ಸೂಟು ಯಾರಿಗೆ ಗೊತ್ತೆ? ಲೂಯಿಗೆ.

1971ರ ಜುಲೈ 6ರಂದು ಲೂಯಿ ತೀರಿಕೊಂಡ. ಅಂತ್ಯಕ್ರಿಯೆಗೆ ಬಂದ ಲಿಲ್‌ಳನ್ನು ಅವನ ಕೊನೆಯ ಹೆಂಡತಿ ಲೂಸಿಲ್ ಮನೆಯವರ ಕಾರಿನಲ್ಲೇ ಕೂರಿಸಿಕೊಂಡಳು. ಆ ಹೆಂಗಸಿನ ದೊಡ್ಡತನವನ್ನೂ ಇಲ್ಲಿ ಬರೆದಿಡಬೇಕು ಅನಿಸಿತು. ಆಗಸ್ಟ್ 27ರಂದು ಶಿಕಾಗೊದಲ್ಲಿ ಲೂಯಿಯ ನೆನಪಿಗೆ ನಡೆದ ಕಾರ್ಯಕ್ರಮದಲ್ಲಿ ಲಿಲ್ 'ಸೇಂಟ್ ಲೂಯಿ ಬ್ಲೂಸ್' ನುಡಿಸುತ್ತ ನುಡಿಸುತ್ತ ಪಿಯಾನೊ ಮುಂದೆಯೇ ಕುಸಿದಳು. ತಾಯಿ ಮೈಲಿಗೆ ಎಂದಿದ್ದ ಜಾತಿಯ ಹಾಡು. ಆಕೆ ಬದುಕಲಿಲ್ಲ.

ಅರ್ಧ ಬರೆದ ಆತ್ಮಕಥೆ, ಜೋಪಾನ ಮಾಡಿಟ್ಟಿದ್ದ ಲೂಯಿಯ ಪತ್ರಗಳು ಆಕೆಯ ಮನೆಯಿಂದ ಆಮೇಲೆ ಕಾಣೆಯಾದವು. ಉಳಿದದ್ದು 1956ರಲ್ಲಿ ರಿವರ್‌ಸೈಡ್ ಎಂಬ ಕಂಪನಿ ಮಾಡಿಕೊಂಡ ಒಂದು ಧ್ವನಿಮುದ್ರಣ. ಅದರಲ್ಲಿ ತುತ್ತೂರಿಯೂ ಇಲ್ಲ, ಕ್ಲಾರಿನೆಟ್ಟೂ ಇಲ್ಲ. ಆ ದಪ್ಪ ಹುಡುಗನನ್ನು ಮೊದಲು ಕಂಡದ್ದು, ರಿಚ್ಮಂಡ್‌ನಲ್ಲಿ ಅವನು ದೂರ ನಿಂತದ್ದು ಎಲ್ಲವನ್ನೂ ಲಿಲ್ ತನ್ನ ಸ್ವಂತ ದನಿಯಲ್ಲಿ ಹೇಳುತ್ತಾಳೆ.